ಕಾಟಾ ಚೀಟಿ ನಿಂತ ರಾತ್ರಿ: ಪೋಸ್ಟ್‌ಗ್ರೆಸ್ ರೆಪ್ಲಿಕೇಶನ್‌ನಲ್ಲಿ ಕೀಪ್‌ಅಲೈವ್ ದೋಷ ಹುಡುಕುವ ಬಗೆ

ರಾತ್ರಿ ಎರಡೂಕಾಲಿಗೆ ಫೋನು. "ಸಾಹೇಬರೇ, ಚೀಟಿ ಬರುತ್ತಿಲ್ಲ. ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತಿದೆ, ಹಿಂದೆ ಗೇಟಿನ ತನಕ ಸಾಲು ಬೆಳೆದಿದೆ." ಮಾತನಾಡುತ್ತಿದ್ದವರು ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರ ತೂಕದ ಗುಮಾಸ್ತರು. ಬೆಳಗಾವಿಯ ಮನೆಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಹೊಡೆಯುವಷ್ಟರಲ್ಲಿ ಅವರೇ ಅಂದರು: "ಬಂತು ಬಂತು, ಮೂರೂ ಕಾಟಾದ ಚೀಟಿ ಒಮ್ಮೆಲೇ ಬಂದವು. ಏನು ಮಾಡಿದಿರಿ?" ನಾನು ಏನೂ ಮಾಡಿರಲಿಲ್ಲ. ಮರುದಿನ ರಾತ್ರಿ ಅದೇ ಹೊತ್ತಿಗೆ ಅದೇ ಫೋನು.

ವ್ಯವಸ್ಥೆ ಸರಳವಾದದ್ದೇ. ಕಾರ್ಖಾನೆಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರೈಮರಿ, ಅಂದರೆ ಮೂಲ ಸರ್ವರ್; ಬೆಳಗಾವಿ ಕಚೇರಿಯಲ್ಲಿ ಅದರ ನಕಲು ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ; ನಡುವೆ ಇಂಟರ್ನೆಟ್ ಮೇಲೆ ಒಂದು ಟನಲ್ (ಖಾಸಗಿ ದಾರಿ). ಕಬ್ಬಿನ ತೂಕ ಕಳೆದುಹೋದರೆ ರೈತರಿಗೆ ಉತ್ತರ ಹೇಳುವವರು ಯಾರು ಎಂಬ ಕಾರಣಕ್ಕೆ ಆಡಳಿತ ಮಂಡಳಿಯವರು ಸಿಂಕ್ರೊನಸ್ ರೆಪ್ಲಿಕೇಶನ್ ಬೇಕೆಂದು ಹಟ ಹಿಡಿದಿದ್ದರು. ಅಂದರೆ ಬೆಳಗಾವಿಯ ಡಿಸ್ಕಿನ ಮೇಲೆ ದಾಖಲೆ ಬಿದ್ದ ಮೇಲೆಯೇ ಕಾರ್ಖಾನೆಯಲ್ಲಿ ಕಮಿಟ್ (ದಾಖಲೆ ಖಾಯಂ ಆಗುವುದು) ಮುಗಿಯುತ್ತದೆ, ಆಮೇಲೆ ಚೀಟಿ. ಬೆಳಗಾವಿ ಬಾಯಿ ಬಿಡದಿದ್ದರೆ ಮುಧೋಳದಲ್ಲಿ ಟ್ರ್ಯಾಕ್ಟರ್ ಕದಲುವುದಿಲ್ಲ.

ಪ್ರೈಮರಿಯ ಲಾಗ್‌ನಲ್ಲಿ ಒಂದೇ ಸಾಲು ಇತ್ತು: "ಟರ್ಮಿನೇಟಿಂಗ್ ವಾಲ್‌ಸೆಂಡರ್ ಪ್ರೋಸೆಸ್ ಡ್ಯೂ ಟು ರೆಪ್ಲಿಕೇಶನ್ ಟೈಮ್‌ಔಟ್". ವಾಲ್ ಎಂದರೆ ಪ್ರತಿ ಬದಲಾವಣೆಯನ್ನು ಪೋಸ್ಟ್‌ಗ್ರೆಸ್ ಮೊದಲು ಬರೆದಿಡುವ ದಾಖಲೆಪಟ್ಟಿ. ಅದನ್ನು ಪ್ರೈಮರಿಯಿಂದ ಕಳಿಸುವ ಪ್ರೋಸೆಸ್ ವಾಲ್‌ಸೆಂಡರ್, ಸ್ಟ್ಯಾಂಡ್‌ಬೈಯಲ್ಲಿ ಪಡೆಯುವುದು ವಾಲ್‌ರಿಸೀವರ್. ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಹುಡುಗ ಲಾಗ್‌ನ ಈ ಸಾಲನ್ನು ನೋಡಿ ವಾಲ್ ಸೆಂಡರ್ ಟೈಮ್‌ಔಟ್ ಅನ್ನು 60 ಸೆಕೆಂಡಿನಿಂದ 5 ನಿಮಿಷಕ್ಕೆ ಏರಿಸಿದ್ದ. ಸಾಲು ಮಾಯವಾಯಿತು. ಚೀಟಿ ಮಾತ್ರ ಹಿಂದಿನಂತೆಯೇ ನಿಲ್ಲುತ್ತಿತ್ತು. ಈಗ ನಿಂತದ್ದಕ್ಕೆ ಗುರುತೂ ಉಳಿಯಲಿಲ್ಲ. ನಾನು ಮಾಡಿದ ಮೊದಲ ಕೆಲಸ ಅದನ್ನು ಮತ್ತೆ 60ಕ್ಕೆ ಇಳಿಸಿದ್ದು. ಅದಕ್ಕೆ ಸರ್ವರ್ ನಿಲ್ಲಿಸಬೇಕಾಗಿಲ್ಲ, ರೀಲೋಡ್ ಸಾಕು.

(ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಕಾನ್ಫಿಗರೇಶನ್ ಕಡತದಲ್ಲಿ ಪದಗಳ ನಡುವೆ ಅಡಿಗೆರೆ ಇರುತ್ತದೆ.)

ಯಾರು ಯಾವಾಗ ಮಾತನಾಡುತ್ತಾರೆ

ಟೈಮ್‌ಔಟ್ ಎಂಬ ಸಾಲು ಹೇಳುವುದು ಇಷ್ಟೇ: ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಉತ್ತರಿಸಬೇಕಾದವನು ಮಲಗಿದ್ದನೋ, ದಾರಿ ಕಟ್ಟಿತ್ತೋ, ಕೇಳಿದವನೇ ಮೈಮರೆತಿದ್ದನೋ ಅದು ಹೇಳುವುದಿಲ್ಲ. ಅದನ್ನು ಬಿಡಿಸಬೇಕಾದರೆ ಆರೋಗ್ಯವಾಗಿರುವ ಸಂಪರ್ಕದಲ್ಲಿ ಮಾತುಕತೆ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು. ಇಲ್ಲಿಯೇ ಬಹಳ ಮಂದಿ ತಪ್ಪುತ್ತಾರೆ. ಪ್ರೈಮರಿಯು ಗಡಿಯಾರದಂತೆ ಹತ್ತು ಸೆಕೆಂಡಿಗೊಮ್ಮೆ ಕೀಪ್‌ಅಲೈವ್, ಅಂದರೆ ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಪುಟ್ಟ ಸಂದೇಶ, ಕಳಿಸುತ್ತಲೇ ಇರುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ.

ಹಾಗಿಲ್ಲ. ತಾನಾಗಿ ಮಾತನಾಡುವುದು ಸ್ಟ್ಯಾಂಡ್‌ಬೈ. ವಾಲ್ ರಿಸೀವರ್ ಸ್ಟೇಟಸ್ ಇಂಟರ್ವಲ್ ಪ್ರಕಾರ, ಬದಲಿಸದಿದ್ದರೆ 10 ಸೆಕೆಂಡಿಗೊಮ್ಮೆ, "ಇಲ್ಲಿಯವರೆಗೆ ಬರೆದೆ, ಇಲ್ಲಿಯವರೆಗೆ ಡಿಸ್ಕಿಗೆ ಇಳಿಸಿದೆ, ಇಲ್ಲಿಯವರೆಗೆ ಅನ್ವಯಿಸಿದೆ" ಎಂಬ ವರದಿಯನ್ನು ಪ್ರೈಮರಿಗೆ ಕಳಿಸುತ್ತದೆ. ಈ ವರದಿ ಬರುತ್ತಿರುವವರೆಗೆ ಪ್ರೈಮರಿಗೆ ಕೀಪ್‌ಅಲೈವ್ ಕಳಿಸುವ ಗರಜೇ ಇಲ್ಲ. ವಾಲ್ ಸೆಂಡರ್ ಟೈಮ್‌ಔಟ್‌ನ ಅರ್ಧ, ಅಂದರೆ 30 ಸೆಕೆಂಡು, ವರದಿಯಿಲ್ಲದೆ ಕಳೆದರೆ ಮಾತ್ರ ಅದು "ತಕ್ಷಣ ಉತ್ತರಿಸು" ಎಂಬ ಗುರುತು ಹಾಕಿದ ಕೀಪ್‌ಅಲೈವ್ ಎಸೆಯುತ್ತದೆ. ಪೂರ್ತಿ 60 ಕಳೆದರೆ ಸಂಪರ್ಕ ಕಡಿಯುತ್ತದೆ.

ಎದುರು ದಿಕ್ಕಿನಲ್ಲಿಯೂ ಇದೇ ಲೆಕ್ಕ. ಸ್ಟ್ಯಾಂಡ್‌ಬೈಗೆ ವಾಲ್ ರಿಸೀವರ್ ಟೈಮ್‌ಔಟ್ ಎಂಬ ತನ್ನದೇ 60 ಸೆಕೆಂಡು ಇದೆ. ಪ್ರೈಮರಿಯಿಂದ 30 ಸೆಕೆಂಡು ಏನೂ ಬರದಿದ್ದರೆ ತನ್ನ ವರದಿಯಲ್ಲಿಯೇ "ಇದ್ದೀಯಾ?" ಎಂದು ಕೇಳುತ್ತದೆ, ಪ್ರೈಮರಿ ಒಂದು ಕೀಪ್‌ಅಲೈವ್ ಕಳಿಸಿ "ಇದ್ದೇನೆ" ಎನ್ನುತ್ತದೆ. ಹಾಗಾಗಿ ಕೆಲಸವಿಲ್ಲದ ಹೊತ್ತಿನಲ್ಲಿ ನಾಡಿ ಬಡಿಯುವುದು ಎರಡು ಲಯದಲ್ಲಿ: ಸ್ಟ್ಯಾಂಡ್‌ಬೈಯಿಂದ ಹತ್ತಕ್ಕೊಮ್ಮೆ, ಪ್ರೈಮರಿಯಿಂದ ಮೂವತ್ತಕ್ಕೊಮ್ಮೆ. ಸ್ಟ್ಯಾಂಡ್‌ಬೈಯಲ್ಲಿ ಕೊನೆಯ ಸಂದೇಶ ಬಂದು 20 ಸೆಕೆಂಡು ದಾಟಿದರೆ ಎಚ್ಚರಿಕೆ ಕೊಡುವಂತೆ ಮಾನಿಟರಿಂಗ್ ಇಟ್ಟುಕೊಂಡವರು ಇದನ್ನು ನೆನಪಿಡಬೇಕು. ಗಿರಣಿ ನಿಂತ ದಿನ ಅವರ ಮೊಬೈಲ್ ಸುಮ್ಮನೆ ಕಿರುಚುತ್ತಿರುತ್ತದೆ.

ಮೊದಲು ಕೂಗಿದ್ದು ಯಾರು

ಎರಡೂ ಕಡೆಯ ಲಾಗ್ ತೆರೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ಕಡೆಯದನ್ನು ನೋಡಿ ತೀರ್ಪು ಕೊಡಬೇಡಿ, ಏಕೆಂದರೆ ಒಬ್ಬರು ಕಡಿದ ಮೇಲೆ ಇನ್ನೊಬ್ಬರ ಲಾಗ್‌ನಲ್ಲಿಯೂ ಏನಾದರೊಂದು ಗೋಳು ಬಿದ್ದೇ ಬಿದ್ದಿರುತ್ತದೆ. "ಸರ್ವರ್ ಅನಿರೀಕ್ಷಿತವಾಗಿ ಸಂಪರ್ಕ ಮುಚ್ಚಿತು" ಎಂಬರ್ಥದ ಸಾಲು ಅಂಥದ್ದು. ಅದು ಪರಿಣಾಮ, ಕಾರಣವಲ್ಲ.

ಪ್ರೈಮರಿ ಮೊದಲು ಕೂಗಿದ್ದರೆ, ಅದಕ್ಕೆ ಸ್ಟ್ಯಾಂಡ್‌ಬೈಯ ವರದಿ ಸಿಗಲಿಲ್ಲ: ಸ್ಟ್ಯಾಂಡ್‌ಬೈ ಮೂಕವಾಗಿತ್ತು ಅಥವಾ ಹಿಂದಿರುಗುವ ದಾರಿ ಕಟ್ಟಿತ್ತು. ಸ್ಟ್ಯಾಂಡ್‌ಬೈ ಮೊದಲು "ಟರ್ಮಿನೇಟಿಂಗ್ ವಾಲ್‌ರಿಸೀವರ್ ಡ್ಯೂ ಟು ಟೈಮ್‌ಔಟ್" ಎಂದಿದ್ದರೆ, ಹೋಗುವ ದಾರಿ ಕಟ್ಟಿತ್ತು ಅಥವಾ ಪ್ರೈಮರಿಯೇ ಸ್ತಬ್ಧವಾಗಿತ್ತು. ಇಬ್ಬರೂ ಅರ್ಧ ನಿಮಿಷದ ಅಂತರದೊಳಗೆ ಕೂಗಿದ್ದರೆ ದಾರಿಯೇ ಹೋಗಿದೆ. ಲೋಕಾಪುರ, ಯರಗಟ್ಟಿ ರಸ್ತೆಬದಿಯಲ್ಲಿ ಎಲ್ಲಿಯೋ ಜೆಸಿಬಿ ಕೇಬಲ್ ಕಿತ್ತಿದೆ ಎಂದುಕೊಂಡು ಇಂಟರ್ನೆಟ್‌ನವರಿಗೆ ಫೋನ್ ಮಾಡಿ. ಡೇಟಾಬೇಸ್ ಮುಟ್ಟಬೇಡಿ.

ಎರಡು ಯಂತ್ರಗಳ ಗಡಿಯಾರ ಹೊಂದದಿದ್ದರೆ ಈ "ಮೊದಲು" ಎಂಬ ಮಾತಿಗೇ ಅರ್ಥವಿಲ್ಲ. ಸ್ಟ್ಯಾಂಡ್‌ಬೈಯಲ್ಲಿ ಪಿಜಿ ಸ್ಟ್ಯಾಟ್ ವಾಲ್ ರಿಸೀವರ್ ಎಂಬ ನೋಟವನ್ನು ತೆರೆದು ಕೊನೆಯ ಸಂದೇಶದ ಕಳಿಸಿದ ಹೊತ್ತು, ಸೇರಿದ ಹೊತ್ತು ಎರಡನ್ನೂ ನೋಡಿ. ಕಳಿಸಿದ ಹೊತ್ತು ಪ್ರೈಮರಿಯ ಗಡಿಯಾರದ್ದು, ಸೇರಿದ್ದು ಸ್ಟ್ಯಾಂಡ್‌ಬೈಯದ್ದು. ನಮ್ಮಲ್ಲಿ ಸಂದೇಶಗಳು ಕಳಿಸುವುದಕ್ಕಿಂತ ನಾಲ್ಕು ನಿಮಿಷ ಮುಂಚೆಯೇ ಬಂದು ತಲುಪುತ್ತಿದ್ದವು! ಕಾರ್ಖಾನೆಯ ಯಂತ್ರದ ಗಡಿಯಾರ ಅಷ್ಟು ಮುಂದಿತ್ತು. ಗಡಿಯಾರ ಹೊಂದಿಸುವ ಎನ್‌ಟಿಪಿಯನ್ನು ಸರಿಪಡಿಸಿ, ಆಮೇಲೆ ಲಾಗ್ ಹೋಲಿಸಿದೆ. ಇನ್ನೊಂದು ಮಾತು: ಟೈಮ್‌ಔಟ್ ಎಣಿಕೆಯನ್ನು ಪೋಸ್ಟ್‌ಗ್ರೆಸ್ ಯಂತ್ರದ ಗಡಿಯಾರದಿಂದಲೇ ಮಾಡುತ್ತದೆ. ಗಡಿಯಾರವನ್ನು ಒಮ್ಮೆಲೇ ಒಂದು ನಿಮಿಷಕ್ಕಿಂತ ಹೆಚ್ಚು ಮುಂದಕ್ಕೆ ಹಾರಿಸಿದರೂ, ವರ್ಚುವಲ್ ಯಂತ್ರವನ್ನು ಕೆಲಹೊತ್ತು ತಡೆಹಿಡಿದು ಮತ್ತೆ ಬಿಟ್ಟರೂ, ಏನೂ ಕೆಡದಿದ್ದಾಗಲೂ ಟೈಮ್‌ಔಟ್ ಬೀಳಬಹುದು.

ಸಾಲು ಎಲ್ಲಿ ನಿಂತಿದೆ ನೋಡಿ

ಹಂಗಾಮಿನಲ್ಲಿ ಕಾರ್ಖಾನೆಗೆ ಹೋದವರಿಗೆ ಗೊತ್ತು: ಕೇನ್ ಯಾರ್ಡ್ ತುಂಬಿ ತುಳುಕುತ್ತಿದ್ದರೆ ಗಿರಣಿ ನಿಧಾನವಾಗಿದೆ. ಯಾರ್ಡ್ ಖಾಲಿಯಿದ್ದು ಹಳ್ಳಿಯ ಕಡೆ ಟ್ರ್ಯಾಕ್ಟರ್ ಸಾಲುಗಟ್ಟಿದ್ದರೆ ದಾರಿಯಲ್ಲಿ ತೊಂದರೆ. ಎರಡೂ ಖಾಲಿಯಿದ್ದರೆ ಹೊಲದಲ್ಲಿ ಕಟಾವೇ ಆಗಿಲ್ಲ. ಲಿನಕ್ಸ್‌ನಲ್ಲಿ ಈ ಸಾಲುಗಳನ್ನು ತೋರಿಸುವುದು ಎಸ್‌ಎಸ್ ಎಂಬ ಪುಟ್ಟ ಆದೇಶ. 5432ನೆಯ ಪೋರ್ಟಿನ ಸಂಪರ್ಕವನ್ನು ಹುಡುಕಿದರೆ ಸೆಂಡ್-ಕ್ಯೂ (ಕಳಿಸಲು ಬಿಟ್ಟು ಇನ್ನೂ ರಸೀದಿ ಬಾರದ ಬೈಟ್‌ಗಳು), ರಿಸೀವ್-ಕ್ಯೂ (ಬಂದು ಇನ್ನೂ ಓದಿರದ ಬೈಟ್‌ಗಳು) ಎಂಬ ಎರಡು ಅಂಕಣ ಸಿಗುತ್ತವೆ. ಚೀಟಿ ನಿಂತಿರುವಾಗಲೇ ಎರಡೂ ಕಡೆ ನೋಡಬೇಕು. ಮುಗಿದ ಮೇಲೆ ನೋಡಿ ಪ್ರಯೋಜನವಿಲ್ಲ. ನಾನು ಐದು ಸೆಕೆಂಡಿಗೊಮ್ಮೆ ಅದನ್ನು ಕಡತಕ್ಕೆ ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಹಚ್ಚಿ ಮಲಗಿದೆ.

ಸ್ಟ್ಯಾಂಡ್‌ಬೈಯ ರಿಸೀವ್-ಕ್ಯೂನಲ್ಲಿ ಬೈಟ್‌ಗಳು ಬಂದು ಹತ್ತಾರು ಸೆಕೆಂಡು ಕರಗದೆ ಕೂತಿದ್ದರೆ, ಸರಕು ಬಾಗಿಲಿಗೆ ಬಂದಿದೆ, ಒಳಗೆ ಒಯ್ಯುವವನಿಲ್ಲ. ಪ್ರೈಮರಿಯ ಸೆಂಡ್-ಕ್ಯೂ ಬೆಳೆಯುತ್ತಿದ್ದು ಸ್ಟ್ಯಾಂಡ್‌ಬೈಯ ರಿಸೀವ್-ಕ್ಯೂ ಸೊನ್ನೆಯಾಗಿದ್ದರೆ ದಾರಿ ಕೆಟ್ಟಿದೆ. ಎರಡೂ ಸೊನ್ನೆಯಾಗಿದ್ದೂ ಸ್ಟ್ಯಾಂಡ್‌ಬೈ ಕೂಗಿದರೆ ವಾಲ್‌ಸೆಂಡರ್ ಬರೆದೇ ಇಲ್ಲ: ಪ್ರೈಮರಿಯ ಮೆಮೊರಿ ಸ್ವಾಪ್‌ಗೆ ಹೋಗಿದೆಯೇ, ಯಂತ್ರದ ಸ್ನ್ಯಾಪ್‌ಶಾಟ್ ನಡೆಯುತ್ತಿದೆಯೇ ನೋಡಿ. ನನ್ನ ಅನುಭವದಲ್ಲಿ ಈ ಒಂದು ಪರೀಕ್ಷೆ ಅರ್ಧ ದಿನದ ವಾದವನ್ನು ಮುಗಿಸುತ್ತದೆ.

ಬೆಳಗಾವಿಯಲ್ಲಿ ರಿಸೀವ್-ಕ್ಯೂ ತುಂಬಿತ್ತು. ಖಾತ್ರಿಗೆ ಮೂರನೆಯ ರಾತ್ರಿ ಪ್ಯಾಕೆಟ್‌ಗಳನ್ನೂ ಹಿಡಿದೆ. ಟನಲ್ ಒಳಗೆ ಪೋಸ್ಟ್‌ಗ್ರೆಸ್ ಸಂಪರ್ಕಕ್ಕೆ ಬೇರೆ ಗೂಢಲಿಪಿ ಇರಲಿಲ್ಲವಾದ್ದರಿಂದ ಉದ್ದ ನೋಡಿಯೇ ಗುರುತು ಹಿಡಿಯಬಹುದು. ಕೀಪ್‌ಅಲೈವ್ ಸಂದೇಶದ ಒಡಲು 18 ಬೈಟ್: ಕೆ ಎಂಬ ಒಂದಕ್ಷರ, ವಾಲ್‌ನ ತುದಿಗೆ 8, ಸಮಯಕ್ಕೆ 8, ಉತ್ತರ ಬೇಕೇ ಎಂಬ ಗುರುತಿಗೆ 1. ಅದನ್ನು ಸುತ್ತುವ ಹೊದಿಕೆ 5 ಬೈಟ್, ಒಟ್ಟು 23. ಸ್ಟ್ಯಾಂಡ್‌ಬೈಯ ವರದಿ 34ಕ್ಕೆ 5 ಸೇರಿ 39. ಆ ರಾತ್ರಿಯ ಹಿಡಿತದಿಂದ ಬೇಕಾದಷ್ಟನ್ನೇ ತೆಗೆದು ಬರೆಯುತ್ತೇನೆ:

02:14:31 ಬೆಳಗಾವಿಯಿಂದ ಕಾರ್ಖಾನೆಗೆ, ಉದ್ದ 39
02:15:01 ಕಾರ್ಖಾನೆಯಿಂದ ಬೆಳಗಾವಿಗೆ, ಉದ್ದ 23
02:15:31 ಕಾರ್ಖಾನೆಯಿಂದ ಬೆಳಗಾವಿಗೆ, ಮುಕ್ತಾಯದ ಪ್ಯಾಕೆಟ್

ಕೊನೆಯ ವರದಿಯಾದ ಸರಿಯಾಗಿ 30 ಸೆಕೆಂಡಿಗೆ ಪ್ರೈಮರಿ ಕೇಳಿದೆ. ಬೆಳಗಾವಿಯ ಕರ್ನಲ್ (ಲಿನಕ್ಸ್‌ನ ತಿರುಳು) ಆ 23 ಬೈಟ್ ತಲುಪಿತೆಂದು ಟಿಸಿಪಿ (ಪ್ಯಾಕೆಟ್ ಸಾಗಿಸುವ ಜಾಲದ ನಿಯಮ) ಮಟ್ಟದಲ್ಲಿ ರಸೀದಿಯನ್ನೂ ಕೊಟ್ಟಿದೆ, ಆದರೆ 39ರ ಉತ್ತರ ಇಲ್ಲ. ಇನ್ನೂ 30 ಸೆಕೆಂಡು ಕಾದು ಪ್ರೈಮರಿ ಕೈಬಿಟ್ಟಿದೆ. ಇಂಟರ್ನೆಟ್‌ನವರನ್ನು ಎರಡು ದಿನ ಬೈದದ್ದು ವ್ಯರ್ಥವಾಗಿತ್ತು.

ವಾಲ್‌ರಿಸೀವರ್ ಒಂಟಿ ಆಳು. ಸಂದೇಶ ಓದುವುದು, ವಾಲ್ ಬರೆಯುವುದು, ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಇಳಿಸುವುದು, ವರದಿ ಕಳಿಸುವುದು ಎಲ್ಲವೂ ಅದೇ ಪ್ರೋಸೆಸ್. ಎಫ್‌ಸಿಂಕ್ ಹಿಂದಿರುಗುವ ತನಕ ಅದಕ್ಕೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಬೆಳಗಾವಿಯ ಯಂತ್ರದಲ್ಲಿ ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾಗಿ, ಅದೇ ತಿರುಗುವ ಡಿಸ್ಕಿನ ಮೇಲೆ ಕಂಪ್ರೆಸ್ ಆಗಿ ಬರೆಯಲ್ಪಡುತ್ತಿತ್ತು. ಕಾಲು ಗಂಟೆಯಲ್ಲಿ ಮೆಮೊರಿಯಲ್ಲಿ ಸೇರಿದ್ದ ಬರಹವೆಲ್ಲ ಒಮ್ಮೆಲೇ ಡಿಸ್ಕಿಗೆ ನುಗ್ಗುತ್ತಿತ್ತು. ವಾಲ್‌ರಿಸೀವರ್‌ನ ನಾಲ್ಕು ಕೆಬಿ ಎಫ್‌ಸಿಂಕ್ ಅದರ ಹಿಂದೆ ನಿಲ್ಲುತ್ತಿತ್ತು. ಪ್ರೋಸೆಸ್ ಪಟ್ಟಿಯಲ್ಲಿ ವಾಲ್‌ರಿಸೀವರ್‌ನ ಸ್ಥಿತಿ ಡಿ ಎಂದು ತೋರಿಸುತ್ತಿತ್ತು, ಅಂದರೆ ಡಿಸ್ಕಿಗಾಗಿ ಕಾಯುತ್ತಿದೆ. ಐಒಸ್ಟ್ಯಾಟ್‌ನ ಕಾಯುವಿಕೆಯ ಅಂಕಣವೂ ಅದನ್ನೇ ಹೇಳಿತು. ಪೋಸ್ಟ್‌ಗ್ರೆಸ್ ಒಳಗಿಂದ ನೋಡುವುದಾದರೆ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯಲ್ಲಿ ವಾಲ್‌ರಿಸೀವರ್ ಸಾಲಿನ ಕಾಯುವ ಕಾರಣ ವಾಲ್ ಸಿಂಕ್ ಎಂದಿರುತ್ತದೆ.

ಹೆಸರು ಒಂದೇ ಆದ ಇನ್ನೊಂದು ಕೀಪ್‌ಅಲೈವ್

ಟಿಸಿಪಿಗೂ ಕೀಪ್‌ಅಲೈವ್ ಇದೆ. ಲಿನಕ್ಸ್‌ನಲ್ಲಿ ಬದಲಿಸದಿದ್ದರೆ 7200 ಸೆಕೆಂಡು ಸುಮ್ಮನಿದ್ದ ಮೇಲೆ ಶುರುವಾಗಿ, 75 ಸೆಕೆಂಡಿಗೊಂದರಂತೆ 9 ಸಲ ಕೇಳುತ್ತದೆ. ಅದನ್ನು ತಗ್ಗಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಮ್ಮ ದೋಷಕ್ಕೆ ಅದು ಮದ್ದಲ್ಲ. ಅಲ್ಲಿ ಉತ್ತರಿಸುವುದು ಕರ್ನಲ್. ವಾಲ್‌ರಿಸೀವರ್ ಡಿಸ್ಕಿನ ಮುಂದೆ ಕಲ್ಲಾಗಿ ಕೂತಿದ್ದರೂ ಕರ್ನಲ್ "ಎಲ್ಲ ಕ್ಷೇಮ" ಎನ್ನುತ್ತದೆ. ರೌಟರ್ ಸುಮ್ಮನಿರುವ ಸಂಪರ್ಕವನ್ನು ಮರೆತುಬಿಡುತ್ತದೆ ಎಂಬ ಶಂಕೆಯೂ ಸಾಮಾನ್ಯ. ಹತ್ತು ಸೆಕೆಂಡಿಗೊಮ್ಮೆ ವರದಿ ಹರಿಯುವ ಸಂಪರ್ಕ ಸುಮ್ಮನಿರುವುದೇ ಇಲ್ಲ. ಯಾರಾದರೂ ಸ್ಟೇಟಸ್ ಇಂಟರ್ವಲ್ ಮತ್ತು ಎರಡೂ ಟೈಮ್‌ಔಟ್‌ಗಳನ್ನು ಸೊನ್ನೆಗೆ ಇಳಿಸಿದ್ದರೆ ಮಾತ್ರ ಆ ಶಂಕೆಗೆ ಆಧಾರವಿದೆ. ವಾಲ್ ಸೆಂಡರ್ ಟೈಮ್‌ಔಟ್ ಸೊನ್ನೆಯಾದರೆ ಪ್ರೈಮರಿ ತಾನಾಗಿ ಕೀಪ್‌ಅಲೈವ್ ಕಳಿಸುವುದನ್ನೇ ಬಿಡುತ್ತದೆ.

ಅದೇ ಹಂಗಾಮಿನಲ್ಲಿ ಇನ್ನೊಮ್ಮೆ

ಕಾರ್ಖಾನೆಯ ರೌಟರ್ ಬದಲಾದ ದಿನ ಮಧ್ಯಾಹ್ನ ಮತ್ತೆ ಎಲ್ಲವೂ ನಿಂತಿತು, ಈ ಸಲ ಪೂರ್ತಿಯಾಗಿ. ಕೂಗುತ್ತಿದ್ದದ್ದು ಬೆಳಗಾವಿ. ನಿಮಿಷಕ್ಕೊಮ್ಮೆ ಕಡಿದು, ಸೇರಿ, ಮತ್ತೆ ಕಡಿಯುತ್ತಿತ್ತು. ಪ್ರೈಮರಿಯ ಸೆಂಡ್-ಕ್ಯೂ ಉಬ್ಬಿತ್ತು, ಬೆಳಗಾವಿಯ ರಿಸೀವ್-ಕ್ಯೂ ಸೊನ್ನೆ. ತಮಾಷೆಯೆಂದರೆ ಬೆಳಗಾವಿಯ 39 ಬೈಟಿನ ವರದಿಗಳು ಕಾರ್ಖಾನೆಗೆ ನೆಟ್ಟಗೆ ತಲುಪುತ್ತಿದ್ದವು, ಆದ್ದರಿಂದ ಪ್ರೈಮರಿಗೆ ಯಾವ ದೂರೂ ಇರಲಿಲ್ಲ. ಸಣ್ಣ ಪ್ಯಾಕೆಟ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಎಂದರೆ ಎಂಟಿಯು (ದಾರಿ ಹೊರಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ) ನೋಡಬೇಕು. ಒಡೆಯಬಾರದು ಎಂಬ ಗುರುತು ಹಾಕಿ ಪಿಂಗ್ ಮಾಡಿದೆ. 1500ರ ಎಂಟಿಯುಗೆ ಪಿಂಗ್‌ನ ಹೊರೆ 1472 ಇರಬೇಕು, ಉಳಿದ 28 ಶಿರೋಭಾಗಕ್ಕೆ. ಟನಲ್ ಇದ್ದಾಗ ಇನ್ನೂ ಕಡಿಮೆ. ಹೊಸ ರೌಟರ್ "ಪ್ಯಾಕೆಟ್ ದೊಡ್ಡದಾಯಿತು" ಎಂಬ ಐಸಿಎಂಪಿ ಸಂದೇಶವನ್ನು ನುಂಗುತ್ತಿದ್ದುದರಿಂದ ಕಳಿಸುವವನಿಗೆ ಗೊತ್ತೇ ಆಗುತ್ತಿರಲಿಲ್ಲ. ಟಿಸಿಪಿಯಲ್ಲಿ ಹಿಂದಿನದು ಸಿಕ್ಕಿಕೊಂಡರೆ ಮುಂದಿನದೂ ನಿಲ್ಲುತ್ತದೆ; ದೊಡ್ಡ ವಾಲ್ ತುಣುಕಿನ ಬೆನ್ನಿಗೆ ಕೀಪ್‌ಅಲೈವ್ ಕೂಡ ಕೂತಿತ್ತು. ಟನಲ್‌ನ ಎಂಟಿಯು ತಗ್ಗಿಸಿದ ಕೂಡಲೇ ಹರಿಯಿತು.

ಅಂಥ ಹೊತ್ತಿನಲ್ಲಿ "ಸ್ಟಾರ್ಟೆಡ್ ಸ್ಟ್ರೀಮಿಂಗ್" ಎಂಬ ಸಾಲಿನ ಸ್ಥಾನಸಂಖ್ಯೆ ಪ್ರತಿ ಸಲ ಒಂದೇ ಇರುವುದನ್ನು ನೋಡಿ ಏನೂ ಮುಂದುವರಿಯುತ್ತಿಲ್ಲ ಎಂದು ನಿರ್ಧರಿಸಬೇಡಿ. ಸ್ಟ್ಯಾಂಡ್‌ಬೈ ಯಾವಾಗಲೂ ವಾಲ್ ಸೆಗ್ಮೆಂಟಿನ ಆರಂಭದಿಂದಲೇ ಕೇಳುತ್ತದೆ, ಸೆಗ್ಮೆಂಟ್ ಸಾಮಾನ್ಯವಾಗಿ 16 ಎಂಬಿ. ಫ್ಲಶ್ ಆದ ಸ್ಥಾನ ಸರಿಯುತ್ತಿದೆಯೇ ಎಂಬುದನ್ನು ನೋಡಿ.

ರಿಪೇರಿಗೆ ಹೊತ್ತು ಹಿಡಿಯುವುದಾದರೆ ಟ್ರ್ಯಾಕ್ಟರ್‌ಗಳನ್ನು ಮೊದಲು ಬಿಡಿಸಿ: ಪ್ರೈಮರಿಯಲ್ಲಿ ಸಿಂಕ್ರೊನಸ್ ಸ್ಟ್ಯಾಂಡ್‌ಬೈ ನೇಮ್ಸ್ ಖಾಲಿ ಮಾಡಿ ರೀಲೋಡ್ ಕೊಟ್ಟರೆ ಕಾದಿರುವ ಕಮಿಟ್‌ಗಳು ಆ ಕ್ಷಣವೇ ಮುಗಿಯುತ್ತವೆ. ಆ ಹೊತ್ತಿನಲ್ಲಿ ಪ್ರೈಮರಿಯ ಡಿಸ್ಕ್ ಹೋದರೆ ಹೊಣೆ ನಿಮ್ಮದು, ಆದ್ದರಿಂದ ಮೇಲಿನವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಪಡೆಯುವ ತನಕ ವಾಲ್ ಅಳಿಸದಂತೆ ತಡೆಯುವ ಏರ್ಪಾಡು) ಇದ್ದರೆ ಸ್ಟ್ಯಾಂಡ್‌ಬೈ ಬಾರದಿರುವಷ್ಟು ಹೊತ್ತೂ ಪ್ರೈಮರಿಯಲ್ಲಿ ವಾಲ್ ಗುಡ್ಡೆ ಬೀಳುತ್ತದೆ, ಅದರ ಮೇಲೂ ಕಣ್ಣಿರಲಿ. ಪೋಸ್ಟ್‌ಗ್ರೆಸ್ 13ರಿಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಎಂಬ ಮಿತಿ ಇದೆ, ಆದರೆ ನೀವು ಹಾಕದಿದ್ದರೆ ಮಿತಿಯಿಲ್ಲ.

ಕೀಪ್‌ಅಲೈವ್‌ದಲ್ಲದ ದೋಷಗಳು

ಲೆಕ್ಕ ವಿಭಾಗದವರು ಸ್ಟ್ಯಾಂಡ್‌ಬೈ ಮೇಲೆ ದೊಡ್ಡ ವರದಿ ಓಡಿಸಿದಾಗ ಅನ್ವಯಿಸುವ ಕೆಲಸ ಹಿಂದೆ ಬೀಳಬಹುದು. ಅನ್ವಯಿಸುವುದು ಬೇರೆ ಪ್ರೋಸೆಸ್. ನಾಡಿಗೂ ಅದಕ್ಕೂ ಸಂಬಂಧವಿಲ್ಲ. ಪಿಜಿ ಸ್ಟ್ಯಾಟ್ ರೆಪ್ಲಿಕೇಶನ್‌ನಲ್ಲಿ ಉತ್ತರದ ಸಮಯ ತಾಜಾ ಇದ್ದು ರಿಪ್ಲೇ ಲ್ಯಾಗ್ ಮಾತ್ರ ಏರುತ್ತಿದ್ದರೆ ಈ ಕೈಪಿಡಿ ಮುಚ್ಚಿಡಿ. ಹಂಗಾಮು ಮುಗಿದು ಕಾರ್ಖಾನೆ ನಿಂತ ಮೇಲೆ "ಸ್ಟ್ಯಾಂಡ್‌ಬೈ ಆರು ಗಂಟೆ ಹಿಂದಿದೆ" ಎಂಬ ಎಚ್ಚರಿಕೆ ಬಂದರೂ ಗಾಬರಿ ಬೇಡ. ಕೊನೆಯ ವಹಿವಾಟಿನ ಹೊತ್ತನ್ನು ಈಗಿನ ಹೊತ್ತಿನಿಂದ ಕಳೆದರೆ, ವಹಿವಾಟೇ ಇಲ್ಲದಾಗ ಹಾಗೆಯೇ ಕಾಣುತ್ತದೆ.

ಇಷ್ಟಕ್ಕೂ ಗೊತ್ತಾಗದಿದ್ದರೆ ಎರಡೂ ಕಡೆ ಲಾಗ್ ಮಟ್ಟವನ್ನು ಡಿಬಗ್2ಕ್ಕೆ ಏರಿಸಿ. ಪ್ರೈಮರಿ ಪ್ರತಿ ಕೀಪ್‌ಅಲೈವ್ ಕಳಿಸಿದಾಗ ಬರೆಯುತ್ತದೆ, ಸ್ಟ್ಯಾಂಡ್‌ಬೈ ಕಳಿಸಿದ ಮತ್ತು ಸೇರಿದ ಹೊತ್ತನ್ನು ಬರೆಯುತ್ತದೆ. ಹತ್ತು ನಿಮಿಷ ಸಾಕು, ಇಳಿಸಲು ಮರೆತರೆ ಲಾಗ್‌ಗಳೇ ಡಿಸ್ಕ್ ತಿನ್ನುತ್ತವೆ.

ಟೈಮ್‌ಔಟ್ ಬದಲಿಸುವುದೇ ಇಲ್ಲವೇ ಎಂದರೆ, ಬದಲಿಸುತ್ತೇನೆ, ಆದರೆ ಕಾರಣ ಸಿಕ್ಕ ಮೇಲೆ, ಆಯಾ ಸ್ಟ್ಯಾಂಡ್‌ಬೈಗೆ ತಕ್ಕಂತೆ. ಪೋಸ್ಟ್‌ಗ್ರೆಸ್ 12ರಿಂದ ವಾಲ್ ಸೆಂಡರ್ ಟೈಮ್‌ಔಟ್ ಅನ್ನು ಸ್ಟ್ಯಾಂಡ್‌ಬೈಯ ಪ್ರೈಮರಿ ಕಾನ್‌ಇನ್ಫೋ ಎಂಬ, ಪ್ರೈಮರಿಯನ್ನು ಹೇಗೆ ಸಂಪರ್ಕಿಸಬೇಕೆಂದು ಹೇಳುವ ಸೆಟ್ಟಿಂಗ್‌ನ ಆಪ್ಷನ್ಸ್ ಭಾಗದಲ್ಲಿ ಆ ಸಂಪರ್ಕಕ್ಕೆ ಮಾತ್ರ ಕೊಡಬಹುದು. ಕಾರ್ಖಾನೆಯ ಆವರಣದಲ್ಲಿರುವ ಎರಡನೆಯ ಸ್ಟ್ಯಾಂಡ್‌ಬೈಗೆ 10 ಸೆಕೆಂಡು ಕೊಟ್ಟೆ, ಮೊಬೈಲ್ ಡೇಟಾ ಮೇಲೆ ನಡೆಯುವ ವಿಜಯಪುರದ ಪ್ರತಿಗೆ 2 ನಿಮಿಷ. ವಿಜಯಪುರದ್ದು ಸಿಂಕ್ರೊನಸ್ ಪಟ್ಟಿಯಲ್ಲಿಲ್ಲ, ಅದು ತೂಕಡಿಸಿದರೆ ಯಾರ ಟ್ರ್ಯಾಕ್ಟರೂ ನಿಲ್ಲುವುದಿಲ್ಲ. ಬೆಳಗಾವಿಯದು 60ರಲ್ಲಿಯೇ ಇದೆ.

ಬೆಳಗಾವಿಯಲ್ಲಿ ವಾಲ್ ಕಡತಗಳನ್ನು ಬೇರೆ ಎಸ್‌ಎಸ್‌ಡಿಗೆ ಸರಿಸಿ, ಬ್ಯಾಕಪ್ ಅನ್ನು ಇನ್ನೊಂದು ಡಿಸ್ಕಿಗೆ ತಿರುಗಿಸಿದ ರಾತ್ರಿ ಎರಡೂಕಾಲಿಗೆ ನಾನೇ ಫೋನ್ ಮಾಡಿದೆ.

"ಚೀಟಿ ಬರುತ್ತಿದೆಯೇ?"

"ಇಲ್ಲ ಸಾಹೇಬರೇ," ಅಂದರು ಗುಮಾಸ್ತರು. ನನ್ನ ಎದೆ ಧಸಕ್ಕೆಂದಿತು. "ಪ್ರಿಂಟರ್‌ನಲ್ಲಿ ಕಾಗದ ಮುಗಿದಿದೆ. ಸ್ಟೋರಿನವರನ್ನು ಎಬ್ಬಿಸಲು ಹುಡುಗನನ್ನು ಕಳಿಸಿದ್ದೇನೆ."